ಒಡೆಯರಿಲ್ಲದ ಏರಿ

ಭಾನುವಾರ ಮಧ್ಯಾಹ್ನ ಹನ್ನೆರಡೂವರೆಯ ಹೊತ್ತಿಗೆ ಠಾಣೆಯ ಮೆಟ್ಟಿಲು ಹತ್ತಿ ಬಂದವರ ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಇಸ್ತ್ರಿ ಮಾಡಿದ ಪ್ಯಾಂಟಿಗೆ ಮೊಣಕಾಲಿನವರೆಗೂ ಕೆಸರು. ವಯಸ್ಸು ಅರವತ್ತೈದರ ಆಸುಪಾಸು. ವಿಮಾ ಕಚೇರಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಈಗ ಕೆರೆಯಂಚಿನ ಬಡಾವಣೆಯ ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿ.

"ನಮ್ಮ ಕೆರೆ ಹೋಯ್ತು" ಅಂದರು.

ಮೇಜಿನ ಹಿಂದಿದ್ದ ಹೆಡ್ ಕಾನ್‌ಸ್ಟೆಬಲ್ ತಲೆ ಎತ್ತಿದರು. ತಮ್ಮ ಸರ್ವಿಸಿನಲ್ಲಿ ಅವರು ಸೈಕಲ್ಲು, ಸರ, ಗಂಡ, ಹೆಂಡತಿ, ಒಮ್ಮೆ ಸರ್ಕಸ್ಸಿನ ಒಂದು ಒಂಟೆ ಕಾಣೆಯಾದದ್ದನ್ನೂ ಬರೆದುಕೊಂಡಿದ್ದರು. ಕೆರೆ ಇದೇ ಮೊದಲು.

"ಎಲ್ಲಿಗೆ ಹೋಯ್ತು ಸಾರ್?"

"ತಮಾಷೆ ಅಲ್ಲ ರೀ. ಏರಿ ಒಡೆದು ಹಾಕಿದಾರೆ. ಬೆಳಗ್ಗೆ ತುಂಬಿ ತುಳುಕ್ತಿತ್ತು, ಈಗ ತಳ ಕಾಣ್ತಿದೆ. ದೋಣಿಗಳೆಲ್ಲ ಕೆಸರಲ್ಲಿ ಮಗುಚಿ ಬಿದ್ದಿವೆ."

ಒಳಕೋಣೆಯಿಂದ ಇನ್ಸ್‌ಪೆಕ್ಟರ್ ಹೊರಗೆ ಬಂದರು. ಎಡಗಿವಿ ಮಂದವಾಗಿದ್ದುದರಿಂದ ಮಾತು ಕೇಳುವಾಗ ತಲೆಯನ್ನು ಒಂದಿಷ್ಟು ವಾರೆ ಮಾಡುವ ಅಭ್ಯಾಸ ಅವರದು. ಎದುರಿಗಿದ್ದವರಿಗೆ ಅದು ಅನುಮಾನದಂತೆ ಕಾಣುತ್ತಿತ್ತು. ಕೆಲಸಕ್ಕೆ ಅದರಿಂದ ಅನುಕೂಲವೇ ಆಗಿತ್ತು.

"ಏರಿ ಕೆಳಗೆ ಮನೆ ಇದಾವಾ?"

"ಇದಾವೆ. ಕೆಳಗಿನ ಬೀದಿ ಅಂತ. ಅವರೇ ಮಾಡಿರ್ಬೇಕು, ಮೀನಿನ ಆಸೆಗೆ."

"ಜನ?"

ಅಷ್ಟು ದೂರ ಕಾರ್ಯದರ್ಶಿಗಳು ಯೋಚಿಸಿರಲಿಲ್ಲ.

ಇನ್ಸ್‌ಪೆಕ್ಟರ್ ಟೋಪಿ ತೆಗೆದುಕೊಂಡರು. "ದೂರು ಬರೆಸ್ಕೊಳ್ಳಿ" ಎಂದು ಹೆಡ್ ಕಾನ್‌ಸ್ಟೆಬಲ್‌ಗೆ ಹೇಳಿ, ಮಹಿಳಾ ಕಾನ್‌ಸ್ಟೆಬಲ್‌ಳನ್ನು ಜೀಪಿಗೆ ಹತ್ತಿಸಿಕೊಂಡು ಹೊರಟರು. ಕಾರ್ಯದರ್ಶಿಗಳು ಕುರ್ಚಿ ಎಳೆದುಕೊಂಡು ಒಂದೊಂದೇ ಪದ ತೂಗಿ ಹೇಳಿ ಬರೆಸಿದರು: "ನಮ್ಮ ಸಂಘದ ಸಂಪೂರ್ಣ ಒಡೆತನಕ್ಕೆ ಸೇರಿದ ಖಾಸಗಿ ವಿಹಾರ ಕೆರೆಯ ಏರಿಯನ್ನು ಯಾರೋ ದುಷ್ಕರ್ಮಿಗಳು..." ‘ಸಂಪೂರ್ಣ’ ಎಂಬ ಪದದ ಕೆಳಗೆ ಗೆರೆ ಎಳೆಯಲು ಹೇಳಿದರು. ಎಫ್‌ಐಆರ್‌ನಲ್ಲಿ ಗೆರೆ ಎಳೆಯುವ ಪದ್ಧತಿ ಇಲ್ಲವೆಂದು ಹೆಡ್ ಕಾನ್‌ಸ್ಟೆಬಲ್ ತಿಳಿಸಿದರು.

ಆ ಕೆರೆ ಹೊಲಗದ್ದೆಗೆ ನೀರುಣಿಸಲು ಕಟ್ಟಿದ್ದಲ್ಲ. ನಲವತ್ತು ವರ್ಷದ ಹಿಂದೆ ಒಬ್ಬ ಕಂಟ್ರಾಕ್ಟರು ನಿವೇಶನ ಮಾರುವುದಕ್ಕಾಗಿ ಒಂದು ತೊರೆಗೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ ನೀರು ನಿಲ್ಲಿಸಿದ್ದ. ಕಿಟಕಿ ತೆರೆದರೆ ನೀರು ಕಾಣುತ್ತದೆ ಎಂದು ಮೇಲಿನ ನಿವೇಶನಗಳೆಲ್ಲ ಬೇಗ ಖರ್ಚಾದವು. ದೋಣಿ, ಗಾಳ, ಸಂಜೆಯ ವಾಕಿಂಗು. ಏರಿಯ ಬೆನ್ನಿಗೆ, ಕೆಳಗೆ, ಆ ಮೇಲಿನ ಮನೆಗಳಿಗೆ ಕಸ ಮುಸುರೆಗೆ ಹೋಗುವವರು, ಡ್ರೈವರುಗಳು, ಕಾವಲುಗಾರರು ಒಂದು ಸಾಲು ಮನೆ ಕಟ್ಟಿಕೊಂಡರು. ಏರಿಯ ಎತ್ತರ ಎರಡು ಅಂತಸ್ತಿನಷ್ಟು. ಅವರ ಹಿತ್ತಲಿಗೆ ಬೆಳಗಿನ ಬಿಸಿಲು ಬರುವುದೇ ಒಂಬತ್ತರ ಮೇಲೆ.

ಇನ್ಸ್‌ಪೆಕ್ಟರ್ ತಲುಪಿದಾಗ ಏರಿಯ ನಡುವೆ ಲಾರಿ ತೂರುವಷ್ಟು ಅಗಲದ ಬಾಯಿ ಬಿದ್ದಿತ್ತು. ಆ ಬಾಯಿಯ ಎರಡೂ ದವಡೆಯಿಂದ ಕೆಂಪು ಮಣ್ಣು ಇನ್ನೂ ಹೆಂಟೆಹೆಂಟೆಯಾಗಿ ಕುಸಿಯುತ್ತಿತ್ತು. ಕೆರೆಯಂಗಳದ ಕೆಸರಿನಲ್ಲಿ ಮೀನುಗಳು ಬಾಯಿ ಕಳೆದು ಒದ್ದಾಡುತ್ತಿದ್ದವು. ಕೆಳಗಿನ ಬೀದಿಯ ಗೋಡೆಗಳಲ್ಲಿ ಕೆಸರು ಕಿಟಕಿಯ ಮಟ್ಟಕ್ಕೆ ಗುರುತು ಬಿಟ್ಟಿತ್ತು. ಏರಿಯ ಬಾಯಿಗೆ ನೇರವಾಗಿದ್ದ ನಾಲ್ಕು ಮನೆಗಳಿಗೆ ಗೋಡೆಯೇ ಉಳಿದಿರಲಿಲ್ಲ. ಅಗ್ನಿಶಾಮಕದವರು ಹಗ್ಗ ಕಟ್ಟಿಕೊಂಡು ಒಂದೊಂದೇ ಮನೆ ನೋಡುತ್ತಿದ್ದರು.

ಮಹಿಳಾ ಕಾನ್‌ಸ್ಟೆಬಲ್ ಸುತ್ತ ನೋಡಿ ಮೆಲ್ಲಗೆ ಹೇಳಿದಳು: "ಸಾರ್, ಅಳೋರು ಯಾರೂ ಇಲ್ಲ."

ಅದು ನಿಜವಾಗಿತ್ತು. ಅಷ್ಟು ದೊಡ್ಡ ಅನಾಹುತ, ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಮೇಲೆ ಏರಿಯ ತುದಿಯಲ್ಲಿ ಬಡಾವಣೆಯವರು ಗುಂಪುಗೂಡಿ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರು. ಕೆಳಗೆ ಮನೆಗಳೆಲ್ಲ ಬೀಗ ಹಾಕಿ, ಊರು ಬಿಟ್ಟವರ ಮನೆಗಳಂತಿದ್ದವು.

ಒಂದೂ ಮುಕ್ಕಾಲಿಗೆ, ಕೊನೆಯಿಂದ ಎರಡನೆಯ ಮನೆಯಲ್ಲಿ ಶವ ಸಿಕ್ಕಿತು. ಕೋಲ್ಡ್ ಸ್ಟೋರೇಜಿನ ರಾತ್ರಿ ಕಾವಲುಗಾರ, ಐವತ್ತೆಂಟು ವರ್ಷ, ಒಂಟಿ ಮನುಷ್ಯ. ಮಂಚ ಹಿಂದಿನ ಗೋಡೆಯ ಜೊತೆಗೇ ಮುಂಬಾಗಿಲಿಗೆ ಬಂದು ಅಮುಕಿಕೊಂಡಿತ್ತು. ಮೈಮೇಲೆ ಮಲಗುವ ಬಟ್ಟೆ. ಬಾಗಿಲನ್ನು ಕೊಡಲಿಯಿಂದ ಒಡೆದು ತೆಗೆಯಬೇಕಾಯಿತು, ಯಾಕೆಂದರೆ ಅದಕ್ಕೆ ಹೊರಗಿನಿಂದ ಬೀಗ ಹಾಕಿತ್ತು.

ಇನ್ಸ್‌ಪೆಕ್ಟರ್ ಆ ಬೀಗವನ್ನು ಬಹಳ ಹೊತ್ತು ನೋಡಿದರು. ಇಡೀ ಬೀದಿ ಖಾಲಿ. ಒಬ್ಬ ಮಾತ್ರ ಒಳಗೆ. ಅವನ ಬಾಗಿಲಿಗೆ ಹೊರಗಿನಿಂದ ಬೀಗ. ಮೀನಿನ ಆಸೆಯ ಕತೆ ಇಲ್ಲಿಗೆ ಮುಗಿಯಿತು.

"ಪಂಚನಾಮೆಯಲ್ಲಿ ಬೀಗದ ವಿಷಯ ಮೊದಲು ಬರೀರಿ" ಅಂದರು.

ಮೂರು ಗಂಟೆಗೆ ಹಳದಿ ಬಣ್ಣದ ಶಾಲಾ ವ್ಯಾನೊಂದು ಬೀದಿಯ ತಲೆಯಲ್ಲಿ ಬಂದು ನಿಂತಿತು. ಬಾಗಿಲು ತೆರೆಯುವ ಮುಂಚೆಯೇ ಒಳಗಿನಿಂದ ಗೋಳು ಕೇಳಿಸಿತು. ಮೇಲಿನ ಮನೆಯ ಯಾರೋ ಫೋನ್ ಮಾಡಿ ಸುದ್ದಿ ಮುಟ್ಟಿಸಿದ್ದರು. ಹೆಂಗಸರು, ಮಕ್ಕಳು, ಮುದುಕರು ಒಬ್ಬರ ಮೇಲೊಬ್ಬರು ಇಳಿದು ಕೆಸರಿನಲ್ಲಿ ತಮ್ಮ ತಮ್ಮ ಮನೆಗಳ ಕಡೆಗೆ ಓಡಿದರು. ಒಬ್ಬಳು ಹೊಲಿಗೆ ಯಂತ್ರ ಎಂದು ಕೂಗುತ್ತಿದ್ದಳು. ಒಬ್ಬ ಮುದುಕ ತನ್ನ ಮನೆ ಇದ್ದ ಜಾಗವನ್ನು ದಾಟಿ ಹೋಗಿ, ಗೊತ್ತಾಗದೆ ವಾಪಸು ಬಂದು ಹುಡುಕುತ್ತಿದ್ದ.

ವ್ಯಾನಿನ ಡ್ರೈವರು ಕೊನೆಗೆ ಇಳಿದ. ಮೂವತ್ತೈದರ ಸಣಕಲು ಆಳು. ಅವನ ಮನೆ ಗೋಡೆ ಬಿದ್ದ ನಾಲ್ಕರಲ್ಲಿ ಒಂದು ಎಂದು ಇನ್ಸ್‌ಪೆಕ್ಟರಿಗೆ ಆಮೇಲೆ ತಿಳಿಯಿತು. ಆದರೆ ಅವನು ಆ ಕಡೆ ಒಮ್ಮೆಯೂ ನೋಡಲಿಲ್ಲ. ಬಿಳಿ ಬಟ್ಟೆ ಹೊದೆಸಿ ಜಗುಲಿಯ ಮೇಲಿಟ್ಟಿದ್ದ ಶವವನ್ನು ನೋಡುತ್ತ ವ್ಯಾನಿನ ಬಾಗಿಲು ಹಿಡಿದು ನಿಂತ.

"ಯಾರದು?" ಎಂದು ಕೇಳಿದ.

"ವಾಚ್‌ಮನ್" ಅಂದಳು ಮಹಿಳಾ ಕಾನ್‌ಸ್ಟೆಬಲ್.

"ಮಾವ ಡ್ಯೂಟೀಲಿದಾರೆ" ಅಂದ ಅವನು. "ಇಲ್ಲ ಮೇಡಂ. ಮಾವ ಡ್ಯೂಟೀಲಿದಾರೆ."

ಇಡೀ ಬೀದಿಗೆ ಆತ ಮಾವ. ಡ್ರೈವರು ಅಲ್ಲೇ ಕುಕ್ಕರಿಸಿದ.

ಹೊಲಿಗೆ ಯಂತ್ರ ಕಳೆದುಕೊಂಡ ಹೆಂಗಸನ್ನು ಇನ್ಸ್‌ಪೆಕ್ಟರ್ ಪಕ್ಕಕ್ಕೆ ಕರೆದರು.

"ಎಲ್ಲಿಗೆ ಹೋಗಿದ್ರಮ್ಮಾ ಎಲ್ಲರೂ?"

"ಮೃಗಾಲಯಕ್ಕೆ ಸಾರ್. ಸ್ಕೂಲ್‌ನೋರು ಪುಕ್ಕಟೆ ವ್ಯಾನ್ ಕೊಟ್ಟಿದಾರೆ, ಯಾರೂ ತಪ್ಪಿಸ್ಬೇಡಿ ಅಂತ ಡ್ರೈವರಣ್ಣ ಮನೆಮನೆಗೂ ಬಂದು ಹೇಳಿದ್ದ. ಹುಷಾರಿಲ್ಲದ ನಮ್ಮತ್ತೇನೂ ಎತ್ಕೊಂಡು ಹೋಗಿ ಕೂರಿಸಿದ. ಅವನ ಪುಣ್ಯ ಸಾರ್, ಇಲ್ಲದಿದ್ರೆ ಇಷ್ಟೂ ಜನ..." ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ವಾಚ್‌ಮನ್‌ಗೆ ಬೀದೀಲಿ ಯಾರಾದ್ರೂ ಆಗ್ದೋರು?"

"ಅವರಿಗಾ? ಇರುವೆಗೂ ದಾರಿ ಬಿಟ್ಟು ನಡಿಯೋ ಮನುಷ್ಯ."

ಬೀಗದ ಒಗಟನ್ನು ಬಿಡಿಸಿದ್ದು ಅವಳೇ. ಹಗಲು ಮಲಗುವ ಮನುಷ್ಯ. ಬೀದಿಯ ಮಕ್ಕಳು ಆಟದ ನಡುವೆ ಬಾಗಿಲು ಬಡಿದು ಎಬ್ಬಿಸುತ್ತಿದ್ದವು. ಮಕ್ಕಳನ್ನು ಗದರುವ ಜಾಯಮಾನ ಅಲ್ಲ. ಅದಕ್ಕೇ ಈಚೆಗೆ ಮುಂದಿನ ಬಾಗಿಲಿಗೆ ತಾನೇ ಬೀಗ ಹಾಕಿ, ಸುತ್ತು ಹಾಕಿ ಹಿತ್ತಲ ಬಾಗಿಲಿನಿಂದ ಒಳಗೆ ಹೋಗಿ ಮಲಗುತ್ತಿದ್ದ. ಪಕ್ಕದ ಮನೆಯವಳಾದ್ದರಿಂದ ಅವಳಿಗೆ ಗೊತ್ತು, ಮಿಕ್ಕವರಿಗೆ ಗೊತ್ತಿರಲಿಲ್ಲ. ಮಹಿಳಾ ಕಾನ್‌ಸ್ಟೆಬಲ್ ಕೆಸರಿನಲ್ಲಿ ಕೈಯಾಡಿಸಿ ಹಿತ್ತಲ ಬಾಗಿಲಿನ ಹಲಗೆ ಹುಡುಕಿದಳು. ಚಿಲಕ ಒಳಗಿನಿಂದ ಹಾಕಿದ ಹಾಗೇ ಇತ್ತು. ಬೀಗದ ಕೀಲಿ ಸತ್ತವನ ಅಂಗಿಯ ಜೇಬಿನಲ್ಲಿ ಸಿಕ್ಕಿತು. ಕೋಲ್ಡ್ ಸ್ಟೋರೇಜಿನವರಿಗೆ ಫೋನ್ ಮಾಡಿದಾಗ, ಭಾನುವಾರ ಅವನ ಪಾಳಿ ಮಧ್ಯಾಹ್ನದವರೆಗೆ ಇತ್ತೆಂದೂ, ಮೈ ಬಿಸಿಯಾಗಿದೆ ಎಂದು ಬೆಳಗ್ಗೆ ಆರಕ್ಕೇ ಹೇಳಿ ಹೊರಟನೆಂದೂ ತಿಳಿಯಿತು.

ಯಾರೂ ಅವನನ್ನು ಕೂಡಿಹಾಕಿರಲಿಲ್ಲ. ಆದರೂ ಒಂದು ಪ್ರಶ್ನೆ ಉಳಿಯಿತು. ಕೆರೆ ಒಡೆಯುವ ದಿನವೇ ಇಡೀ ಬೀದಿ ಮೃಗಾಲಯಕ್ಕೆ ಹೋದದ್ದು ಪುಣ್ಯವೋ, ಲೆಕ್ಕಾಚಾರವೋ?

ಸಂಜೆ ಆರಕ್ಕೆ ಕಾರ್ಯದರ್ಶಿಗಳು ಮತ್ತೆ ಠಾಣೆಗೆ ಬಂದರು. ಈ ಸಲ ಎರಡೂ ಕಾಲಿಗೆ ಬೂಟು, ಜೊತೆಗೆ ವಕೀಲರು.

"ದೂರಿನಲ್ಲಿ ಒಂದು ಸಣ್ಣ ತಿದ್ದುಪಡಿ ಆಗ್ಬೇಕಿತ್ತು."

"ಏನು?"

"‘ಸಂಘದ ಸಂಪೂರ್ಣ ಒಡೆತನಕ್ಕೆ ಸೇರಿದ’ ಅನ್ನೋ ಕಡೆ ‘ಸಂಘದ ಕೆಲವು ಸದಸ್ಯರು ಆಗಾಗ ವಾಯುವಿಹಾರಕ್ಕೆ ಹೋಗುತ್ತಿದ್ದ’ ಅಂತ."

"ಮಧ್ಯಾಹ್ನ ನಿಮ್ಮದಾಗಿತ್ತು."

"ಗಾಬರೀಲಿ ಹೇಳಿದ್ದು ಸ್ವಾಮಿ. ನೋಡಿ, ದೋಣಿ ನಮ್ದು, ಒಪ್ತೀನಿ. ನೀರನ್ನ ಬೇಕಾದ್ರೂ ನಮ್ದು ಅನ್ನಿ. ಏರಿ ನಮ್ದಲ್ಲ."

"ಏರಿ ಇಲ್ದೆ ನೀರು ಎಲ್ಲಿ ನಿಂತಿತ್ತು?"

ವಕೀಲರು ಕೆಮ್ಮಿದರು. ಇನ್ಸ್‌ಪೆಕ್ಟರ್ ತಲೆ ವಾರೆ ಮಾಡಿಕೊಂಡು ಕಾದರು. "ಬೇರೆ ಹೇಳಿಕೆ ಕೊಡಿ, ತಗೊಳ್ತೀನಿ. ಬರೆದದ್ದು ಬರೆದ ಹಾಗೇ ಇರುತ್ತೆ" ಅಂದರು.

ಸೋಮವಾರ ಹೆಡ್ ಕಾನ್‌ಸ್ಟೆಬಲ್ ಭೂದಾಖಲೆ ಕಚೇರಿಯಲ್ಲಿ ಬೆಳಗಿನಿಂದ ಕೂತರು. ಮೇಲಿನ ನಿವೇಶನಗಳೆಲ್ಲ ನೀರಿನ ಅಂಚಿನವರೆಗೆ ಅವರವರ ಹೆಸರಲ್ಲಿದ್ದವು. ಏರಿ ನಿಂತ ಪಟ್ಟಿ ಮಾತ್ರ ಆ ಕಂಟ್ರಾಕ್ಟರನ ಕಂಪನಿಯ ಹೆಸರಲ್ಲಿತ್ತು. ಕಂಟ್ರಾಕ್ಟರು ಸತ್ತು ಬಹಳ ಕಾಲವಾಗಿತ್ತು, ಕಂಪನಿ ಅವನಿಗೂ ಮುಂಚೆ. ಮಗನೊಬ್ಬ ಟೈಲ್ಸ್ ಅಂಗಡಿ ಇಟ್ಟಿದ್ದ. ಅವನು ಹೇಳಿದ್ದು ಇಷ್ಟೇ: "ಅಪ್ಪ ಸೈಟಿನ ಜೊತೆ ಕೆರೇನೂ ಅವರಿಗೇ ಕೊಟ್ರು ಅಂತ ನಾವು ತಿಳ್ಕೊಂಡಿದ್ವಿ. ಅವರು ನಮ್ಮತ್ರ ಇದೆ ಅಂತ ತಿಳ್ಕೊಂಡಿದ್ರು ಅನ್ಸುತ್ತೆ."

"ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದ ಕತೆ ಸಾರ್" ಎಂದು ವರದಿ ಒಪ್ಪಿಸುತ್ತ ಹೆಡ್ ಕಾನ್‌ಸ್ಟೆಬಲ್ ಹೇಳಿದರು. "ಇಲ್ಲಿ ಜಗಳಾನೂ ಆಗಿಲ್ಲ. ಇಬ್ಬರೂ ನನ್ನ ಕೂಸಲ್ಲ ಅಂತ ಸುಮ್ಮನಿದ್ರು."

ಅದೇ ಹೊತ್ತಿಗೆ ಇನ್ಸ್‌ಪೆಕ್ಟರ್ ನೀರಾವರಿ ಇಲಾಖೆಯ ಇಂಜಿನಿಯರ್ ಜೊತೆ ಏರಿಯ ಬುಡದಲ್ಲಿದ್ದರು. ಆಕೆ ಮಾತಿಗಿಂತ ಮೊದಲು ಮಣ್ಣನ್ನು ಬೆರಳಲ್ಲಿ ಹಿಸುಕಿ ನೋಡುವವರು. ಖಾಸಗಿಯಾದ್ದರಿಂದ ಈ ಏರಿ ಇಲಾಖೆಯ ಪಟ್ಟಿಯಲ್ಲಿರಲಿಲ್ಲ. ಯಾರೂ ಬಂದು ಪರೀಕ್ಷೆ ಮಾಡಿದ್ದೇ ಇಲ್ಲ ಎಂದು ಅವರೇ ಮೊದಲು ಹೇಳಿದರು. ಹೆಚ್ಚಾದ ನೀರು ಹೊರಗೆ ಹರಿಯಲು ಪಕ್ಕದಲ್ಲಿದ್ದ ಕೋಡಿಯನ್ನು ತೋರಿಸಿದರು. ಅದರ ಮೇಲೆ ಯಾರೋ ಮೊಣಕಾಲೆತ್ತರ ಕಾಂಕ್ರೀಟು ಹಾಕಿ ನೀರಿನ ಮಟ್ಟ ಏರಿಸಿದ್ದರು.

"ದೋಣಿಗೆ ಆಳ ಸಾಲ್ತಿರ್ಲಿಲ್ಲ ಅಂತ ಕಾಣುತ್ತೆ. ಏರಿ ಅಷ್ಟು ಭಾರಕ್ಕೆ ಕಟ್ಟಿದ್ದಲ್ಲ. ಆದ್ರೆ ನಿನ್ನೆ ಒಡೆದದ್ದು ಅದರಿಂದಲ್ಲ. ಇಲ್ಲಿ ಬನ್ನಿ."

ಬಾಯಿ ಬಿದ್ದ ಜಾಗದ ಬಲಕ್ಕೆ, ಮಣ್ಣಲ್ಲಿ ಅರ್ಧ ಹೂತ ಒಂದು ಸಿಮೆಂಟಿನ ಚೇಂಬರ್ ಇತ್ತು. ಕೆರೆ ಬರಿದು ಮಾಡಲು ಏರಿಯ ಹೊಟ್ಟೆಯೊಳಗಿನಿಂದ ಹಾಯಿಸಿದ್ದ ಹಳೆಯ ಕಬ್ಬಿಣದ ಕೊಳವೆ, ಅಂದರೆ ತೂಬು, ಅಲ್ಲಿ ಬಂದು ಮುಗಿಯುತ್ತಿತ್ತು. ಅದರ ವಾಲ್ವಿಗೆ ತಿರುಗಿಸುವ ಚಕ್ರ ಇರಲಿಲ್ಲ. ಚಕ್ರ ಕೂರುತ್ತಿದ್ದ ಕಂಬಿಯ ತಲೆಗೆ ‘ಟಿ’ ಆಕಾರದ ಒಂದು ಉದ್ದನೆಯ ಸ್ಪ್ಯಾನರ್ ಕಚ್ಚಿಕೊಂಡು ನಿಂತಿತ್ತು. ಬೆಸುಗೆ ಹೊಸದು. ಹಿಡಿಕೆ ಬಾಗಿತ್ತು.

"ವಾಲ್ವ್ ಕಾಲು ಭಾಗ ಮಾತ್ರ ತೆರೆದಿದೆ" ಅಂದರು ಇಂಜಿನಿಯರ್. "ಹಿಡಿಕೆ ಯಾವ ಕಡೆಗೆ ಬಾಗಿದೆ ನೋಡಿ. ಮುಚ್ಚೋ ಕಡೆಗೆ. ತೆರೆದೋರು ಮತ್ತೆ ಮುಚ್ಚೋಕೆ ಜೀವ ಬಿಟ್ಟು ನೋಡಿದಾರೆ. ಆಗಿಲ್ಲ."

"ಕಾಲು ಭಾಗ ತೆರೆದ್ರೆ ಏರಿ ಒಡೆಯುತ್ತಾ?"

"ಕೊಳವೆ ಗಟ್ಟಿ ಇದ್ದಿದ್ರೆ ಇಲ್ಲ. ಇದು ಒಳಗೆಲ್ಲ ತುಕ್ಕು ತಿಂದು ಹಪ್ಪಳ ಆಗಿತ್ತು. ನೀರು ನುಗ್ಗಿದ ರಭಸಕ್ಕೆ ಏರಿಯ ಹೊಟ್ಟೇಲೇ ಬಿರಿದಿದೆ. ಆಮೇಲೆ ನೀರು ಒಳಗಿಂದ ಮಣ್ಣು ತಿನ್ಕೊಂಡು ಬಂದಿದೆ. ಒಂದು ಗಂಟೆ ಸಾಕು."

"ಒಡೀಬೇಕು ಅಂತಲೇ ಮಾಡಿದ್ರೆ?"

"ಪೂರ್ತಿ ತೆರೀತಿದ್ರು. ಮುಚ್ಚೋಕೆ ಒದ್ದಾಡ್ತಿರ್ಲಿಲ್ಲ."

ಸ್ಪ್ಯಾನರನ್ನು ಮಹಜರು ಮಾಡಿ ಗೋಣಿಚೀಲದಲ್ಲಿ ಸುತ್ತಿ ತಂದರು. ಊರಿನ ವೆಲ್ಡಿಂಗ್ ಅಂಗಡಿಗಳಿಗೆಲ್ಲ ಅದನ್ನು ತೋರಿಸುವ ಕೆಲಸ ಮಹಿಳಾ ಕಾನ್‌ಸ್ಟೆಬಲ್‌ಗೆ ಬಿತ್ತು. ಬಸ್ ನಿಲ್ದಾಣದ ಹಿಂದಿನ ಅಂಗಡಿಯವನು ಕಪ್ಪು ಕನ್ನಡಕ ಹಣೆಗೇರಿಸಿ, ಸ್ಪ್ಯಾನರನ್ನು ಮಗುವಿನಂತೆ ಎತ್ತಿಕೊಂಡು ನೋಡಿದ.

"ನಂದೇ ಮೇಡಂ. ಬಾಗಿಸಿಬಿಟ್ಟಿದಾನಲ್ಲ ಪಾಪಿ! ಎರಡು ಸಲ ಅಳತೆ ತಪ್ಪಿ ವಾಪಸ್ ತಂದಿದ್ದ."

"ಯಾರು?"

"ಸ್ಕೂಲ್ ವ್ಯಾನ್ ಡ್ರೈವರು. ಮನೆ ನಲ್ಲಿ ವಾಲ್ವ್‌ಗೆ ಅಂದ. ಇಷ್ಟು ದಪ್ಪದ ನಲ್ಲಿ ಯಾವ ಅರಮನೇಲಿದೆಯಪ್ಪಾ ಅಂತ ನಗಾಡಿದೆ. ಅವನು ನಗ್ಲಿಲ್ಲ."

ಮಂಗಳವಾರ ಬೆಳಗ್ಗೆ ಶಾಲೆಯ ಮ್ಯಾನೇಜರು ಫೋನಿನಲ್ಲಿ, ಭಾನುವಾರ ತಾವು ಯಾರಿಗೂ ವ್ಯಾನ್ ಕೊಟ್ಟಿಲ್ಲ, ಡ್ರೈವರು ಹೇಳದೆ ಕೇಳದೆ ಒಯ್ದಿದ್ದಾನೆ ಎಂದರು. ಊರಾಚೆಯ ಪೆಟ್ರೋಲ್ ಬಂಕಿನ ಕ್ಯಾಮೆರಾದಲ್ಲಿ ಭಾನುವಾರ ಬೆಳಗ್ಗೆ ಹತ್ತಕ್ಕೆ ಅದೇ ಹಳದಿ ವ್ಯಾನ್, ಖಾಲಿಯಾಗಿ, ಮೃಗಾಲಯದ ಕಡೆಯಿಂದ ಊರಿಗೆ ವಾಪಸಾಗುವುದು ಕಾಣಿಸಿತು. ಹತ್ತೂ ಮುಕ್ಕಾಲಿಗೆ ಮತ್ತೆ ಎದುರು ದಿಕ್ಕಿನಲ್ಲಿ, ಬಹಳ ವೇಗದಲ್ಲಿ. ಏರಿ ಒಡೆದದ್ದು ಹನ್ನೊಂದೂ ಕಾಲಿಗೆ ಎಂದು ಮೇಲಿನ ಮನೆಯವರು ಹೇಳಿದ್ದರು. ಬೀದಿಯವರನ್ನು ಕೇಳಿದಾಗ, ತಮ್ಮನ್ನು ಮೃಗಾಲಯದ ಗೇಟಿನಲ್ಲಿ ಇಳಿಸಿ, ಬ್ರೇಕ್ ತೋರಿಸಿಕೊಂಡು ಬರುತ್ತೇನೆಂದು ಹೋದವನು ಊಟದ ಹೊತ್ತಿಗೆ ಬಂದನೆಂದು ಒಪ್ಪಿಕೊಂಡರು. ಹೇಳಲು ಅವರಿಗೆ ಇಷ್ಟವಿರಲಿಲ್ಲ. ಹೊಲಿಗೆ ಯಂತ್ರದವಳು ಇನ್ಸ್‌ಪೆಕ್ಟರ ಮುಖವನ್ನೇ ನೋಡುತ್ತ, "ಅವನಿಂದ ನಾವು ಬದುಕಿದೀವಿ, ಅದನ್ನೂ ಬರ್ಕೊಳ್ಳಿ" ಅಂದಳು. ಅದನ್ನೂ ಬರೆದುಕೊಂಡರು.

ಮನೆ ಕಳೆದುಕೊಂಡವರನ್ನು ಸಮುದಾಯ ಭವನದಲ್ಲಿ ಇರಿಸಿದ್ದರು. ಹನ್ನೊಂದು ಗಂಟೆಗೆ ಇನ್ಸ್‌ಪೆಕ್ಟರ್ ಅಲ್ಲಿಗೆ ಹೋದಾಗ ಡ್ರೈವರು ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟಿ ಯಾರದೋ ಒದ್ದೆ ಬಟ್ಟೆ ಹರವುತ್ತಿದ್ದ. ಪೊಲೀಸರನ್ನು ಕಂಡು ಗಂಟು ಪೂರ್ತಿ ಬಿಗಿದು, ಕೈ ಒರೆಸಿಕೊಂಡು ತಾನೇ ಮುಂದೆ ಬಂದ.

"ಇಲ್ಲಿ ಬೇಡ ಸಾರ್. ಮಕ್ಕಳಿದಾರೆ."

ಠಾಣೆಯಲ್ಲಿ ಸ್ಪ್ಯಾನರನ್ನು ಮೇಜಿನ ಮೇಲಿಟ್ಟರು. ಹೆಡ್ ಕಾನ್‌ಸ್ಟೆಬಲ್ ಹೇಳಿಕೆ ಬರೆಯಲು ಕೂತರು.

"ನಿಂದಾ?"

"ಹೂಂ ಸಾರ್."

"ಯಾಕೆ ತೆರೆದೆ?"

"ಮಳೆಗಾಲಕ್ಕೆ ಮುಂಚೆ ನೀರು ಅರ್ಧಕ್ಕೆ ಇಳಿಸ್ಬೇಕು ಅಂತ."

"ಯಾರು ಹೇಳಿದ್ರು ಇಳಿಸು ಅಂತ?"

"ಯಾರೂ ಹೇಳೋರಿಲ್ಲ ಅಂತಾನೇ ಸಾರ್, ನಾನು ಹೋಗಿದ್ದು."

ಮನೆಯ ಹಿತ್ತಲಲ್ಲಿ ಏರಿಯ ಬುಡದಿಂದ ನೀರು ಜಿನುಗುತ್ತಿತ್ತು ಎಂದ. ಮೊದಲು ತಿಳಿನೀರು, ಹೆಂಡತಿ ಅದರಲ್ಲೇ ಪಾತ್ರೆ ತೊಳೆಯುತ್ತಿದ್ದಳು. ಹೋದ ವರ್ಷದಿಂದ ಕೆಂಪಗೆ ಬರತೊಡಗಿತು. ಕೆಂಪು ನೀರೆಂದರೆ ಏರಿಯ ಮಣ್ಣೇ ಕರಗಿ ಬರುತ್ತಿದೆ ಎಂದು ಅವನಿಗೆ ಅನ್ನಿಸಿತು. ನಗರಸಭೆಯಲ್ಲಿ ಖಾಸಗಿ ಅಂದರು. ನೀರಾವರಿಯಲ್ಲಿ ಪಟ್ಟಿಯಲ್ಲಿಲ್ಲ ಅಂದರು. ಸಂಘದವರು ಏರಿ ನಮ್ಮದಲ್ಲ ಅಂದರು. ಹಾಗಾದರೆ ವಾಲ್ವ್ ತಿರುಗಿಸಿ ನೀರು ಇಳಿಸಿಕೊಳ್ಳಲೇ ಎಂದು ಕೇಳಿದ್ದಕ್ಕೆ, ಮಾರನೆಯ ದಿನವೇ ಅದರ ಚಕ್ರ ಬಿಚ್ಚಿಸಿ ಒಯ್ದರು.

"ಠಾಣೆಗೂ ಬಂದಿದ್ದೆ ಸಾರ್. ಇದು ಸಿವಿಲ್ ವಿಷಯ ಅಂದ್ರು."

ಹೆಡ್ ಕಾನ್‌ಸ್ಟೆಬಲ್‌ರ ಪೆನ್ನು ಒಂದು ಕ್ಷಣ ನಿಂತಿತು. ಆಮೇಲೆ ಆ ವಾಕ್ಯವನ್ನೂ ಬರೆಯಿತು.

"ಬೀದಿಯೋರನ್ನೆಲ್ಲ ಯಾಕೆ ಮೃಗಾಲಯಕ್ಕೆ ಸಾಗಿಸ್ದೆ?"

"ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಅಂತ."

"ಅಂದ್ರೆ, ಆಗ್ಬಹುದು ಅಂತ ನಿಂಗೆ ಗೊತ್ತಿತ್ತು."

ಹೆಡ್ ಕಾನ್‌ಸ್ಟೆಬಲ್ ಹಾಳೆ ತಿರುಗಿಸಿದರು.

"ವಾಚ್‌ಮನ್‌ನ ಕರೀಲಿಲ್ವಾ?"

"ಶನಿವಾರವೇ ಹೇಳಿದ್ದೆ. ಪಾಳಿ ಇದೆ, ಆಗಲ್ಲ ಅಂದಿದ್ರು. ಆದ್ರೂ ಹೊರಡೋ ಮುಂಚೆ ಬಾಗಿಲಿಗೆ ಹೋಗಿದ್ದೆ ಸಾರ್. ಬೀಗ ಇತ್ತು. ಕೈಯಲ್ಲಿ ಹಿಡ್ದು ಎಳೆದೂ ನೋಡ್ದೆ." ಬಲಗೈ ತಾನಾಗಿಯೇ ಮುಂದೆ ಬಂದು, ಗಾಳಿಯಲ್ಲಿ ಏನನ್ನೋ ಎಳೆದು, ಮತ್ತೆ ತೊಡೆಯ ಮೇಲೆ ಬಿತ್ತು.

"ವಾಲ್ವ್ ತೆರೆದ ಮೇಲೆ ಏನಾಯ್ತು?"

"ಮೊದಲು ಚೆನ್ನಾಗೇ ಬಂತು. ಆಮೇಲೆ ಕೆಂಪಗಾಯ್ತು. ಮುಚ್ಚೋಣ ಅಂತ ನೋಡ್ದೆ, ಕಚ್ಕೊಂಡ್ಬಿಡ್ತು. ಅಷ್ಟರಲ್ಲಿ ಏರಿ ಮೈಯಿಂದ ಬೇರೆ ಕಡೆ ನೀರು ಚಿಮ್ಮೋಕೆ ಶುರುವಾಯ್ತು. ಓಡಿದೆ."

"ಎಲ್ಲಿಗೆ?"

"ವ್ಯಾನ್‌ಗೆ."

"ಬೀದಿಗೆ ಹೋಗಿ ಕೂಗ್ಲಿಲ್ಲ?"

"ಬೀದಿ ಖಾಲಿ ಇತ್ತಲ್ಲ ಸಾರ್."

"ವ್ಯಾನ್ ಬೀದಿ ತಲೇಲಿ ನಿಂತಿತ್ತು. ಅಲ್ಲಿಂದ ಮಾವನ ಮನೆ ಕೂಗಳತೆ. ಒಡೆಯೋಕೆ ಇನ್ನೂ ಅರ್ಧ ಗಂಟೆ ಇತ್ತು." ಇನ್ಸ್‌ಪೆಕ್ಟರ್ ದನಿ ಏರಿಸಲಿಲ್ಲ. "ಹಾರ್ನ್ ಹೊಡೆದ್ಯಾ?"

"ಹೊಡೆದ್ರೆ ಮೇಲಿನೋರು ಬಗ್ಗಿ ನೋಡ್ತಾರೆ ಅಂತ... ಹೊಡೀಲಿಲ್ಲ ಸಾರ್."

ಹೇಳಿಕೆಯ ಕೆಳಗೆ ಸಹಿ ಹಾಕುವಾಗ, "ಇಳಿಜಾರಲ್ಲಿ ಇಂಜಿನ್ ಕೂಡ ಆಫ್ ಮಾಡ್ಕೊಂಡು ಬಿಟ್ಟೆ, ಸದ್ದಾಗ್ಬಾರ್ದು ಅಂತ" ಎಂದು, ಯಾರೂ ಕೇಳದಿದ್ದರೂ ಹೇಳಿದ. ಅದನ್ನು ಸೇರಿಸಲು ಹೆಡ್ ಕಾನ್‌ಸ್ಟೆಬಲ್ ಇನ್ನೊಂದು ಹಾಳೆ ತೆಗೆದುಕೊಳ್ಳಬೇಕಾಯಿತು.

ಮಂಗಳವಾರ ಮಧ್ಯಾಹ್ನ ಹನ್ನೆರಡಕ್ಕೆ ಬಂಧನ ದಾಖಲಾಯಿತು. ಏರಿಗೆ ಹಾನಿ ಮಾಡಿದ್ದು, ಅಪಾಯದ ಅರಿವಿದ್ದೂ ಒಬ್ಬನ ಸಾವಿಗೆ ಕಾರಣನಾದದ್ದು. ಮುಚ್ಚಳಿಕೆ ಬರೆದುಕೊಟ್ಟು ಮನೆಗೆ ಹೋಗುವ ಆರೋಪಗಳಲ್ಲ ಅವು. ಕೋಡಿಗೆ ಕಾಂಕ್ರೀಟು ಹಾಕಿಸಿದ, ವಾಲ್ವಿನ ಚಕ್ರ ಬಿಚ್ಚಿಸಿದ ಸಂಘದ ಪದಾಧಿಕಾರಿಗಳ ಮೇಲೆ ನಿರ್ಲಕ್ಷ್ಯದ ಪ್ರಕರಣ ಪ್ರತ್ಯೇಕವಾಗಿ ದಾಖಲಾಯಿತು. ನೋಟಿಸು ತಲುಪುವ ಮೊದಲೇ ಕಾರ್ಯದರ್ಶಿಗಳು ಹುದ್ದೆಗೆ ರಾಜೀನಾಮೆ ಕೊಟ್ಟಿದ್ದರು. ಹೊಸ ಕಾರ್ಯದರ್ಶಿಯಾಗಲು ಯಾರೂ ಒಪ್ಪಲಿಲ್ಲ.

ಜಪ್ತಿ ಮಾಡಿದ ವ್ಯಾನು ಠಾಣೆಯ ಅಂಗಳದಲ್ಲಿ ನಿಂತಿತ್ತು. ಮೂರು ಗಂಟೆಯ ಹೊತ್ತಿಗೆ ಮಹಿಳಾ ಕಾನ್‌ಸ್ಟೆಬಲ್ ಅದರ ಮಹಜರು ಮಾಡಲು ಒಳಗೆ ಹತ್ತಿದವಳು, ಸ್ವಲ್ಪ ಹೊತ್ತಿಗೆ ತಲೆ ಹೊರಗೆ ಹಾಕಿ ಇನ್ಸ್‌ಪೆಕ್ಟರನ್ನು ಕರೆದಳು. ಕೊನೆಯ ಸೀಟಿನ ಅಡಿಯಲ್ಲಿ ಹಾಸಿಗೆ ಬಟ್ಟೆಯ ಒಂದು ಗಂಟು ಇತ್ತು. ಮೂರು ಹೊದಿಕೆ, ಎರಡು ಪುಟ್ಟ ದಿಂಬು, ಒಂದು ಸೀಮೆಎಣ್ಣೆ ಲಾಟೀನು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಮಕ್ಕಳ ಶಾಲೆಯ ಪುಸ್ತಕಗಳು.

"ಶಾಲೆ ವ್ಯಾನಲ್ಲಿ ಇದೆಲ್ಲ ಯಾಕಿದೆ ಸಾರ್?"

ಗಂಡನಿಗೆ ಬಟ್ಟೆ ಕೊಡಲು ಬಂದ ಡ್ರೈವರನ ಹೆಂಡತಿ ಗೇಟಿನ ಬಳಿಯ ಬೆಂಚಿನಲ್ಲಿ ಕೂತಿದ್ದಳು. ಇನ್ಸ್‌ಪೆಕ್ಟರ್ ಅವಳನ್ನು ಕರೆಸಿ ಗಂಟನ್ನು ತೋರಿಸಿದರು.

"ಮಳೆ ಬಂದ್ರೆ ಅಲ್ಲೇ ಮಲಗ್ತಿದ್ವಿ ಸಾರ್" ಅಂದಳು. ಅದರಲ್ಲಿ ಹೇಳುವಂಥದ್ದೇನಿದೆ ಎನ್ನುವ ಹಾಗೆ. "ಮಕ್ಕಳನ್ನ ಎತ್ಕೊಂಡು ಹೋಗಿ ವ್ಯಾನಲ್ಲಿ ಹಾಕಿ, ಮೇಲಿನ ರಸ್ತೇಲಿ ನಿಲ್ಸೋರು. ನಾನು, ಮಕ್ಕಳು ಮಲಗ್ತಿದ್ವಿ. ಅವರು ಮುಂದಿನ ಸೀಟಲ್ಲಿ ಕೂತಿರೋರು. ಕತ್ತಲಲ್ಲಿ ಏನು ಕಾಣುತ್ತೆ, ಮಲಕ್ಕೊಳ್ಳಿ ಅಂದ್ರೆ, ಕಾಣದೆ ಇದ್ರೇನು, ಕೇಳಿಸುತ್ತಲ್ಲ ಅನ್ನೋರು. ಬೆಳಗ್ಗೆ ಹಾಗೇ ಮುಖ ತೊಳ್ಕೊಂಡು ಡ್ಯೂಟಿಗೆ. ಕೆಳಗೆ ಮಿಕ್ಕೋರು ಮಲಗಿದಾರಲ್ಲ ಅಂತ ಒಂದೇ ಕೊರಗು ಅವರಿಗೆ."

ಮಹಿಳಾ ಕಾನ್‌ಸ್ಟೆಬಲ್ ಇನ್ಸ್‌ಪೆಕ್ಟರ ಕಡೆ ನೋಡಿದಳು. "ಇದನ್ನ ಪಟ್ಟಿಗೆ ಸೇರಿಸ್ಲಾ ಸಾರ್?"

"ಬೇಡ. ಕೊಟ್ಬಿಡಿ. ಭವನದಲ್ಲಿ ಹೊದೆಯೋಕೆ ಏನಿದೆಯೋ."

ಡ್ರೈವರನ ಹೆಂಡತಿ ಗಂಟು ಬಿಚ್ಚಿ ಪುಸ್ತಕ, ದಿಂಬು, ಎರಡು ಹೊದಿಕೆ ಎತ್ತಿಕೊಂಡಳು. ದಪ್ಪಗಿದ್ದ ಮೂರನೆಯದನ್ನು ಕೊಡವಿ, ಮಡಿಸಿ, ಗಂಡನ ಅಂಗಿಯ ಮೇಲಿಟ್ಟು ಕಾನ್‌ಸ್ಟೆಬಲ್‌ಳ ಕೈಗೆ ಕೊಟ್ಟಳು.

"ಇದು ಅವರಿಗೆ ಕೊಡಿ ಅಕ್ಕಾ. ಇವತ್ತಾದ್ರೂ ಮಲಗ್ಲಿ."